ಹದಿನೈದಕ್ಕೆ ಮುದಿ, ಐವತ್ತಕ್ಕೆ ಪರಂಪರೆ

ಪಿತ್ರಾರ್ಜಿತ ಆಸ್ತಿ ಎಂದೊಡನೆ ನಮ್ಮವರ ಮನಸ್ಸು ಹೊಲ, ಮನೆ, ಒಡವೆಗಳತ್ತ ಹರಿಯುವುದು ಸಹಜ. ಆದರೆ 1990ರ ದಶಕದಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ವೃತ್ತಿಯಿಂದಲೋ ವ್ಯಾಪಾರದಿಂದಲೋ ನಾಲ್ಕು ಕಾಸು ಕಂಡ ತಲೆಮಾರು ಈಗ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದೆ. ಅವರು ಬಿಟ್ಟುಹೋದುದರಲ್ಲಿ ಶೆಡ್ಡಿನೊಳಗೆ ಟಾರ್ಪಾಲು ಹೊದ್ದು ನಿಂತ ಒಂದು ದುಬಾರಿ ಕಾರೂ ಇರುವುದುಂಟು. ವಾರಸುದಾರರು ದೆಹಲಿಯಲ್ಲೋ ಮುಂಬಯಿಯಲ್ಲೋ ನೆಲೆಸಿರುತ್ತಾರೆ, ಕಾರು ಊರಿನಲ್ಲಿರುತ್ತದೆ.

ಇದನ್ನು ಏನು ಮಾಡುವುದು ಎಂದು ಕೇಳಿದರೆ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ‘ಗುಜರಿಗೆ ಹಾಕಿ ಕೈತೊಳೆದುಕೊಳ್ಳಿ’ ಎಂಬುದು ಮೊದಲನೆಯದು. ‘ಹಿರಿಯರ ನೆನಪು, ಇದ್ದ ಹಾಗೆಯೇ ಇರಲಿ’ ಎಂಬುದು ಎರಡನೆಯದು. ಈ ಎರಡೂ ಒಂದೇ ತಪ್ಪಿನಿಂದ ಹುಟ್ಟಿದವು ಎಂಬುದು ನನ್ನ ವಾದ. ಎರಡರಲ್ಲಿಯೂ ಕಾರಿನ ವಯಸ್ಸನ್ನು ಎಣಿಸುತ್ತಾರೆ. ಕಾರು ಯಾವ ಸ್ಥಿತಿಯಲ್ಲಿದೆ ಎಂದು ನೋಡುವವರಿಲ್ಲ. ದುರ್ದೈವವೆಂದರೆ ರಾಜಧಾನಿಯಲ್ಲಿ ಕಾನೂನು ಕೂಡ ಬಹುಮಟ್ಟಿಗೆ ಇದೇ ದಾರಿಯನ್ನು ಹಿಡಿದಿದೆ.

ಒಂದು ನಿರ್ದಿಷ್ಟ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮರ್ಸಿಡಿಸ್-ಬೆಂಜ್ ಸಂಸ್ಥೆಯು 1994ರಲ್ಲಿ ಭಾರತದಲ್ಲಿ ತನ್ನ ಶಾಖೆಯನ್ನು ಸ್ಥಾಪಿಸಿ, 1995ರಿಂದ ಪುಣೆಯ ಬಳಿ ಟೆಲ್ಕೋ ಆವರಣದಲ್ಲಿ ಡಬ್ಲ್ಯು124 ಮಾದರಿಯ ಇ-ಕ್ಲಾಸ್ ಕಾರುಗಳನ್ನು ಜೋಡಿಸತೊಡಗಿತು. ನನ್ನ ಮಾವನವರು 1996ರಲ್ಲಿ ಕೊಂಡ ಅಂಥದೊಂದು ಪೆಟ್ರೋಲ್ ಇ220 ಅವರ ಕಾಲಾನಂತರ ನನ್ನ ಪತ್ನಿಯ ಪಾಲಿಗೆ ಬಂದಿದೆ. ಇಂದು ಅದು ಮೈಸೂರಿನ ರಸ್ತೆಯಲ್ಲಿ ಕಾನೂನುಬದ್ಧವಾಗಿ ಓಡಾಡುತ್ತಿದೆ. ಆದರೆ ನಾವು ವಾಸವಾಗಿರುವ ದೆಹಲಿಗೆ ಅದನ್ನು ತರುವಂತಿಲ್ಲ. ಮೈಸೂರಿನಲ್ಲಿ ಯೋಗ್ಯವಾದ ಬ್ರೇಕು ದೆಹಲಿಯ ಗಡಿಯಲ್ಲಿ ಅಯೋಗ್ಯವಾಗುವುದು ಹೇಗೆ?

ವಾರಸಿನ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನಗಳ ಅಧಿನಿಯಮ, 1988ರ 50ನೆಯ ಕಲಮು ಮೃತರ ವಾಹನವನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಲು ಅವಕಾಶ ಕೊಡುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 56ನೆಯ ನಿಯಮದಂತೆ, ಮರಣದ 30 ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸಿದರೆ ಮೂರು ತಿಂಗಳವರೆಗೆ ವಾಹನವನ್ನು ಬಳಸಬಹುದು. ಅಷ್ಟರೊಳಗೆ 31ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಉತ್ತರಕ್ರಿಯೆ ಮುಗಿಸಿ ರೈಲು ಹತ್ತುವ ಹೊರನಾಡ ಕನ್ನಡಿಗರಲ್ಲಿ ಈ 30 ದಿನಗಳ ವಿಷಯವನ್ನು ತಿಳಿದವರು ವಿರಳ. ಆದುದರಿಂದ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಆಯುಸ್ಸು. ಆ ಬಳಿಕ ತಪಾಸಣೆಗೆ ಒಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ಇದು ನ್ಯಾಯವಾದ ಕ್ರಮ, ನನ್ನ ತಕರಾರಿಲ್ಲ. 2021ರ ಆಗಸ್ಟ್‌ನಲ್ಲಿ ಪ್ರಕಟವಾದ ಕೇಂದ್ರದ ವಾಹನ ಗುಜರಿ ನೀತಿಯೂ ಖಾಸಗಿ ವಾಹನಗಳ ಮಟ್ಟಿಗೆ ತಪಾಸಣೆಯಲ್ಲಿ ತೇರ್ಗಡೆಯಾಗುವುದನ್ನೇ ಮಾನದಂಡವಾಗಿ ಇರಿಸಿಕೊಂಡಿತು. ತತ್ತ್ವ ಸರಿಯಾಗಿದೆ, ಆಚರಣೆ ತತ್ತ್ವವನ್ನು ಬಿಟ್ಟು ನಡೆದಿದೆ.

ಶುಲ್ಕವನ್ನೇ ನೋಡಿ. 2025ರ ಆಗಸ್ಟ್‌ನ ಅಧಿಸೂಚನೆಯಂತೆ 20 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣಕ್ಕೆ 10,000 ರೂಪಾಯಿ. ಆಮದಾದ ಕಾರಿಗೆ 80,000 ರೂಪಾಯಿ. ಪುಣೆಯ ಬಳಿ ಜೋಡಣೆಯಾದುದರಿಂದ ನಮ್ಮ ಕಾರು ಅಗ್ಗದಲ್ಲಿ ಪಾರಾಯಿತು. ಅದೇ ಮಾದರಿ, ಅದೇ ಎಂಜಿನು ಹಡಗಿನಲ್ಲಿ ಬಂದಿದ್ದರೆ ಎಂಟು ಪಟ್ಟು ತೆರಬೇಕಾಗಿತ್ತು. ಇದರಲ್ಲಿ ಹೊಗೆಯ ಲೆಕ್ಕವೆಲ್ಲಿದೆ? ಸುರಕ್ಷತೆಯ ಲೆಕ್ಕವೆಲ್ಲಿದೆ?

ಇನ್ನು ರಾಜಧಾನಿ ವಲಯದ ಕಥೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2014ರಲ್ಲಿ 15 ವರ್ಷ ಮೀರಿದ ವಾಹನಗಳಿಗೂ, 2015ರಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳಿಗೂ ತಡೆಯೊಡ್ಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಜಾರಿಗೊಳಿಸುವಂತೆ ಆದೇಶಿಸಿತು. 2025ರ ಜುಲೈ 1ರಂದು ದೆಹಲಿಯ ಪೆಟ್ರೋಲ್ ಬಂಕುಗಳಲ್ಲಿ ಇಂಥ ವಾಹನಗಳಿಗೆ ಇಂಧನ ಕೊಡಬಾರದೆಂಬ ಕಟ್ಟಳೆ ಬಂದು, ಕೆಲವೇ ದಿನಗಳಲ್ಲಿ ನಿಂತುಹೋಯಿತು. ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇವಲ ವಯಸ್ಸಿನ ಕಾರಣಕ್ಕೆ ಬಲವಂತದ ಕ್ರಮ ಕೈಗೊಳ್ಳಬಾರದೆಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅನಂತರದ ವಾಹನಗಳಿಗೆ ಸೀಮಿತಗೊಳಿಸಿತು. ಅಂದರೆ ಹುಟ್ಟಿದ ವರ್ಷವೊಂದೇ ಸಾಲದು, ಹೊಗೆಯ ಮಾನಕವನ್ನೂ ನೋಡಬೇಕೆಂಬ ವಿವೇಕ ಅರ್ಧ ದಾರಿಯವರೆಗೆ ಬಂದಿದೆ. ಉಳಿದರ್ಧವನ್ನು ಕ್ರಮಿಸಬೇಕಾಗಿದೆ. ಕಾರ್ಖಾನೆಯಿಂದ ಹೊರಬಂದ ದಿನದ ಮಾನಕಕ್ಕಿಂತ ಇಂದು ಅದರ ಕೊಳವೆಯಿಂದ ಹೊರಬರುವ ಹೊಗೆ ಮುಖ್ಯವಲ್ಲವೇ?

‘ದೆಹಲಿಯ ಗಾಳಿಯನ್ನು ಉಸಿರಾಡುತ್ತಲೇ ಹೀಗೆ ಬರೆಯುತ್ತೀರಾ?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 1996ರ ಕಾರು ಇಂದಿನ ಬಿಎಸ್-6 ಕಾರಿನಷ್ಟು ಶುದ್ಧವೆಂದು ನಾನು ಹೇಳಲಾರೆ. ಆದರೆ ವಾಹನವೊಂದು ಗಾಳಿಗೆ ಸೇರಿಸುವ ವಿಷವು ಅದರ ಎಂಜಿನಿನ ಸ್ಥಿತಿಯನ್ನೂ, ಅದು ಓಡುವ ದೂರವನ್ನೂ ಅವಲಂಬಿಸಿದೆ. ತಿಂಗಳಿಗೆರಡು ಭಾನುವಾರ ಹೊರಬರುವ, ಚೆನ್ನಾಗಿ ಸಾಕಿದ ಹಳೆಯ ಪೆಟ್ರೋಲ್ ಕಾರನ್ನು ದಿನವಿಡೀ ಕಪ್ಪು ಹೊಗೆಯುಗುಳುವ ಲಾರಿಯ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವೇ? ಚಳಿಗಾಲದಲ್ಲಿ ಮಾಲಿನ್ಯ ಏರಿದಾಗ ಬಿಎಸ್-3 ಪೆಟ್ರೋಲ್ ಮತ್ತು ಬಿಎಸ್-4 ಡೀಸೆಲ್ ಕಾರುಗಳನ್ನು ತಡೆಯುವ ಹಂತಹಂತದ ವ್ಯವಸ್ಥೆ ಈಗಾಗಲೇ ಇದೆ. ಆ ದಿನಗಳಲ್ಲಿ ಕಾರು ಮನೆಯಲ್ಲೇ ನಿಲ್ಲಲಿ, ಯಾರೂ ಗೊಣಗಬೇಕಾಗಿಲ್ಲ.

ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ. 2021ರ ಪಾರಂಪರಿಕ ವಾಹನ ನಿಯಮಗಳು 50 ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ಗೌರವ ನೀಡಿವೆ. ಸಂತೋಷ. ಆದರೆ ರಾಜಧಾನಿಯಲ್ಲಿ 15ಕ್ಕೆ ಮುದಿಯೆನಿಸಿಕೊಂಡ ಕಾರು 50ಕ್ಕೆ ಪರಂಪರೆಯಾಗುವವರೆಗಿನ 35 ವರ್ಷಗಳನ್ನು ಎಲ್ಲಿ ಕಳೆಯಬೇಕು? ಗುಜರಿಯಲ್ಲಿ ಚೂರಾದದ್ದು ಐವತ್ತನೆಯ ಹುಟ್ಟುಹಬ್ಬ ಕಾಣುವುದುಂಟೇ? ಈ ಕಾರಿನ ತವರಾದ ಜರ್ಮನಿಯಲ್ಲಿ 30 ವರ್ಷ ತುಂಬಿದ, ಮೂಲರೂಪದಲ್ಲಿ ಸುಸ್ಥಿತಿಯಲ್ಲಿರುವ ವಾಹನಗಳಿಗೆ ತಜ್ಞರ ಪರಿಶೀಲನೆಯ ಬಳಿಕ ‘ಎಚ್’ ಅಕ್ಷರದ ವಿಶೇಷ ಸಂಖ್ಯಾಫಲಕ ನೀಡುವ ಪದ್ಧತಿ 1997ರಿಂದಲೇ ಇದೆ. ವಯಸ್ಸು ಅಲ್ಲಿ ಅಪರಾಧವಾಗಿಲ್ಲ. ಪರಿಶೀಲನೆ ಮಾತ್ರ ತಪ್ಪಿದ್ದಲ್ಲ.

ಸರ್ಕಾರಕ್ಕೆ ಹೇಳಿದ ಮಾತನ್ನು ವಾರಸುದಾರರಿಗೂ ಹೇಳದಿದ್ದರೆ ಈ ವಾದ ಒಕ್ಕಣ್ಣಿನದಾಗುತ್ತದೆ. ಬೆಂಜ್ ಕಾರಿನ ಒಡೆತನವನ್ನು ಸಂಘದ ಊಟದ ಪಂಕ್ತಿಯಲ್ಲಿ ಹೇಳಿಕೊಳ್ಳುವ ಉತ್ಸಾಹ ಅದರ ಬ್ರೇಕು ಬಿಚ್ಚಿಸಿ ನೋಡುವಾಗ ಇರುವುದಿಲ್ಲ. ಬ್ಯಾಟರಿ ಬದಲಿಸಿ ಎಂಜಿನು ಚಾಲೂ ಆದೊಡನೆ ಕಾರು ರಸ್ತೆಗೆ ಸಿದ್ಧವಾಯಿತೆಂದು ಭಾವಿಸುವವರೇ ಹೆಚ್ಚು. ವರ್ಷಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲು ಅಂಟಾಗಿರುತ್ತದೆ; ಮೊದಲು ಅದನ್ನು ಬಸಿದು ಟ್ಯಾಂಕನ್ನು ಶುಚಿಗೊಳಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ; ಅದನ್ನು ಪೂರ್ತಿ ಬದಲಿಸಬೇಕು. ಟೈರಿನ ಗೆರೆಗಳು ಆಳವಾಗಿದ್ದರೆ ಸಾಲದು. ಅದರ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿ ನೋಡಿ: 2314 ಎಂದಿದ್ದರೆ 2014ರ 23ನೆಯ ವಾರದಲ್ಲಿ ತಯಾರಾದದ್ದು. ಅಂಥ ಟೈರಿನಲ್ಲಿ ಹೆದ್ದಾರಿಗಿಳಿಯುವುದು ಸಾಹಸವಲ್ಲ, ಅವಿವೇಕ. 1990ರ ದಶಕದ ಮೊದಲರ್ಧದ ಹಲವು ಮರ್ಸಿಡಿಸ್ ಎಂಜಿನುಗಳಲ್ಲಿ ವೈರಿಂಗ್‌ನ ಹೊದಿಕೆ ಕಾಲಕ್ರಮದಲ್ಲಿ ಒಣಗಿ ಪುಡಿಯಾಗುವುದು ಪರಿಣತ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. ಇದರ ಮೇಲೆ ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರು ಕೊಳವೆಗಳು ಸೋರತೊಡಗಿದರೆ ಬೆಂಕಿಯ ಭಯವಿದೆ. ಇವೆಲ್ಲ ಮುಗಿದ ಮೇಲೆ ಬಣ್ಣ, ಚರ್ಮದ ಸೀಟು, ಹೊಳಪುಗಳ ಮಾತು. ನಮ್ಮಲ್ಲಿ ಈ ಅನುಕ್ರಮ ತಲೆಕೆಳಗಾಗಿರುವುದನ್ನೇ ಹೆಚ್ಚಾಗಿ ಕಾಣುತ್ತೇವೆ.

ಹೀಗೆ ಖರ್ಚು ಮಾಡಲು ಶಕ್ತಿಯೋ ಮನಸ್ಸೋ ಇಲ್ಲದವರು ಸಂಕೋಚವಿಲ್ಲದೆ ಕಾರನ್ನು ಅಧಿಕೃತ ಗುಜರಿ ಕೇಂದ್ರಕ್ಕೆ ಒಪ್ಪಿಸಿ ನೋಂದಣಿ ರದ್ದುಪಡಿಸಿಕೊಳ್ಳಲಿ. ಶೆಡ್ಡಿನಲ್ಲಿ ಇಲಿ ಗೂಡು ಕಟ್ಟುವ ಕಾರು ಹಿರಿಯರಿಗೆ ಸಲ್ಲಿಸಿದ ಗೌರವವಾಗಲಾರದು.

ಖರ್ಚು ಮಾಡಿ ಕಾರನ್ನು ಸಜ್ಜುಗೊಳಿಸಿದವರ ಪರವಾಗಿ ನನ್ನ ಬೇಡಿಕೆಗಳು ಮೂರು. ದೇಶದ ಎಲ್ಲೆಡೆ ವಾಹನದ ಅರ್ಹತೆಯನ್ನು ಯಂತ್ರಾಧಾರಿತವಾದ, ಕಟ್ಟುನಿಟ್ಟಾದ ತಪಾಸಣೆಯಿಂದಲೇ ನಿರ್ಧರಿಸಬೇಕು. ಬೇಕಿದ್ದರೆ ವರ್ಷಕ್ಕೆರಡು ಬಾರಿ ನಡೆಸಲಿ. ಹದಿನೈದಕ್ಕೂ ಐವತ್ತಕ್ಕೂ ನಡುವಿನ ಕಾರುಗಳಿಗೆ ವರ್ಷಕ್ಕಿಷ್ಟೇ ಕಿಲೋಮೀಟರು ಎಂಬ ಮಿತಿಯೊಂದಿಗೆ ಪ್ರತ್ಯೇಕ ವರ್ಗವೊಂದನ್ನು ರಚಿಸಬೇಕು. ಕೊನೆಯದು ಹೊರನಾಡಿಗರಾದ ನಮಗೆಲ್ಲ ಸಂಬಂಧಿಸಿದ್ದು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಹನವಿರಿಸಿದರೆ ಅಲ್ಲಿಯ ನೋಂದಣಿ ಪಡೆಯಬೇಕು. ವಾಹನ ತೆರಿಗೆ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದರಿಂದ ನಿರಾಕ್ಷೇಪಣಾ ಪತ್ರ ಒಂದೂರಿನಲ್ಲಿ, ಹೊಸ ತೆರಿಗೆ ಇನ್ನೊಂದೂರಿನಲ್ಲಿ ಎಂಬಂತಾಗಿದೆ. ಈ ಅಲೆದಾಟವನ್ನು ಒಂದೇ ಅರ್ಜಿಯಲ್ಲಿ ಮುಗಿಸುವ ವ್ಯವಸ್ಥೆ ಬರಬೇಕು.

ಬ್ರೇಕು ಹಿಡಿಯುತ್ತದೆಯೇ, ದೀಪ ಉರಿಯುತ್ತದೆಯೇ, ಹೊಗೆ ಮಿತಿಯಲ್ಲಿದೆಯೇ ಎಂದು ನಮ್ಮನ್ನು ಕೇಳಿರಿ. ಇಲ್ಲವೆಂದು ಕಂಡುಬಂದರೆ ಕಾರಿನ ಕೀಲಿಕೈಯನ್ನು ನಾವೇ ತಂದೊಪ್ಪಿಸುತ್ತೇವೆ. ಹೌದೆಂದಾದರೆ ಅದರ ಜಾತಕ ಕೇಳುವುದನ್ನು ನಿಲ್ಲಿಸಿರಿ.