ಭೂಪಟದ ಹಸಿರು ಬಣ್ಣ ಮತ್ತು ದ್ವಾರಸಮುದ್ರದ ಸಾಕ್ಷ್ಯ

ದಿಲ್ಲಿ ಸುಲ್ತಾನರ ಸಾಮ್ರಾಜ್ಯವು ದಕ್ಷಿಣದ ತುದಿಯವರೆಗೂ ಹಬ್ಬಿತ್ತೆಂದು ಇಡೀ ಭೂಪಟಕ್ಕೆ ಹಸಿರು ಬಳಿದು ಹೆಮ್ಮೆಪಡುವವರು ನಮ್ಮಲ್ಲಿದ್ದಾರೆ. ಅದೇ ಭೂಪಟವನ್ನು ತೋರಿಸಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಇಂದಿನ ಮುಸ್ಲಿಮರಿಂದ ಹಳೇಬೀಡಿನ ಭಗ್ನ ಶಿಲ್ಪಗಳ ಲೆಕ್ಕ ಕೇಳುವವರೂ ಇದ್ದಾರೆ. ಇಬ್ಬರ ತಪ್ಪೂ ಒಂದೇ. ದಂಡಯಾತ್ರೆಯನ್ನು ಆಳ್ವಿಕೆಯೆಂದೂ ಅರಸನ ದುರಾಸೆಯನ್ನು ಧರ್ಮವೆಂದೂ ಅವರು ಭ್ರಮಿಸಿದ್ದಾರೆ.

ಇತಿಹಾಸ ಹೇಳುವುದೇನು? 1311ರಲ್ಲಿ ಅಲಾವುದ್ದೀನ್ ಖಲ್ಜಿಯ ಸೇನಾನಿ ಮಲಿಕ್ ಕಾಫೂರನು ದ್ವಾರಸಮುದ್ರದ ಮೇಲೆ ಎರಗಿದನು. ಹೊಯ್ಸಳ ದೊರೆ ಮೂರನೆಯ ವೀರಬಲ್ಲಾಳನು ಸಂಪತ್ತನ್ನೊಪ್ಪಿಸಿ ಕಪ್ಪ ಕೊಡಲು ಸಮ್ಮತಿಸಿದನು. ಸೇನೆ ಹಿಂದಿರುಗಿತು, ಸಿಂಹಾಸನದಲ್ಲಿ ಬಲ್ಲಾಳನೇ ಉಳಿದನು. ಮುಹಮ್ಮದ್ ಬಿನ್ ತುಘಲಕನ ಕಾಲದಲ್ಲಿ ಸಾಮ್ರಾಜ್ಯವು ತನ್ನ ಅತಿ ದೊಡ್ಡ ವಿಸ್ತಾರವನ್ನು ಕಂಡಿತು; ದ್ವಾರಸಮುದ್ರವು ಮತ್ತೊಮ್ಮೆ ದಾಳಿಗೆ ತುತ್ತಾಯಿತು. ಆದರೆ ಆ ವಿಸ್ತಾರ ಎಷ್ಟು ದಿನ ಬಾಳಿತು? 1335ರ ಸುಮಾರಿಗೆ ಮಧುರೆ ಕೈತಪ್ಪಿತು, 1347ರಲ್ಲಿ ಬಹಮನಿ ರಾಜ್ಯ ತಲೆಯೆತ್ತಿತು. ದಿಲ್ಲಿಯ ಮುಸ್ಲಿಂ ಸುಲ್ತಾನನ ವಿರುದ್ಧ ಬಂಡೆದ್ದವರು ಮುಸ್ಲಿಂ ಸರದಾರರೇ!

ಇನ್ನೊಂದು ಸಾಕ್ಷ್ಯವನ್ನು ಆಲಿಸಿರಿ. ಮಧುರೆಯ ಸುಲ್ತಾನ ಗಿಯಾಸುದ್ದೀನನ ಮೇಲೆ ಯುದ್ಧಕ್ಕೆ ಹೋದ ಬಲ್ಲಾಳನ ಸೈನ್ಯದಲ್ಲಿ ಸಾವಿರಾರು ಮುಸ್ಲಿಮರಿದ್ದರೆಂದು ಪ್ರವಾಸಿ ಇಬ್ನ್ ಬತೂತಾ ಬರೆದಿದ್ದಾನೆ. ಸೆರೆಸಿಕ್ಕ ವೃದ್ಧ ದೊರೆಗೆ ಬಿಡುಗಡೆಯ ಭರವಸೆ ನೀಡಿ, ಅವನ ಸಂಪತ್ತನ್ನೆಲ್ಲ ಕಸಿದುಕೊಂಡು, ಕೊನೆಗೆ ಸುಲ್ತಾನನು ಅವನನ್ನು ಕೊಲ್ಲಿಸಿದನೆಂದೂ ಆತನೇ ದಾಖಲಿಸಿದ್ದಾನೆ. ಕೊಟ್ಟ ಮಾತನ್ನು ಮುರಿಯುವುದನ್ನು ಕಪಟಿಯ ಲಕ್ಷಣವೆಂದು ಕಲಿಸಿದ ಪ್ರವಾದಿ(ಸ)ಯವರ ಅನುಯಾಯಿಗಳಾದ ನಾವು, ಇಂಥ ವಚನಭಂಗವನ್ನು ಹೆಸರಿನ ಮುಲಾಜಿಗೆ ಸಮರ್ಥಿಸಬೇಕೇ? ಖಂಡಿತ ಕೂಡದು. ನ್ಯಾಯದ ಸಾಕ್ಷ್ಯವು ನಮಗೇ ವಿರುದ್ಧವಾದರೂ ಅದನ್ನು ನುಡಿಯಬೇಕೆಂಬುದು ಪವಿತ್ರ ಕುರ್‌ಆನಿನ ಆದೇಶ.

ಹಾಗೆಯೇ, ಏಳು ಶತಮಾನಗಳ ಹಿಂದಿನ ಸೇನಾನಿಯ ಪಾಪವನ್ನು ಇಂದು ಸಂತೆಯಲ್ಲಿ ಬೆವರು ಸುರಿಸುವ ಬಡವನ ತಲೆಗೆ ಕಟ್ಟುವುದೂ ಅನ್ಯಾಯವೇ. ಒಬ್ಬನ ಹೊರೆಯನ್ನು ಇನ್ನೊಬ್ಬನು ಹೊರಲಾರನು. ಆದರೆ ಆ ಸೇನಾನಿಯ ವಿಜಯವನ್ನು ನಮ್ಮದೆಂದು ಮೆರೆಸಿದರೆ, ಅವನ ಹೊರೆಯನ್ನು ನಾವೇ ಕರೆದು ಹೊತ್ತುಕೊಂಡಂತೆ.

ಸಹೋದರರೇ, ಸಾರ್ವಭೌಮತ್ವ ಅಲ್ಲಾಹನದು. ಖಲ್ಜಿಯದೂ ಅಲ್ಲ, ತುಘಲಕನದೂ ಅಲ್ಲ. ಮಕ್ಕಳನ್ನು ಹಳೇಬೀಡಿಗೆ ಕರೆದೊಯ್ಯಿರಿ. ಅಲ್ಲಿ ನಡೆದುದನ್ನು ಹೆಮ್ಮೆಯಿಲ್ಲದೆ, ಅಂಜಿಕೆಯಿಲ್ಲದೆ, ಇದ್ದದ್ದನ್ನು ಇದ್ದಂತೆ ತಿಳಿಸಿರಿ. ಭೂಪಟದ ಹಸಿರು ಎಂದೋ ಮಾಸಿದೆ. ನೆರೆಯವನೊಡನೆ ನಾವು ನಡೆದುಕೊಳ್ಳುವ ರೀತಿಗೆ ಮಾತ್ರ ನಾಳೆ ಉತ್ತರ ಕೊಡಬೇಕಾಗಿದೆ.