ಬಸುರಿಯ ಹಲ್ಲಿಗೆ ಪಾದರಸ ಯಾಕೆ?

ಮನೆಯಲ್ಲಿ ಥರ್ಮಾಮೀಟರು ಒಡೆದು ಪಾದರಸ ಚೆಲ್ಲಿದರೆ, 'ಮುಟ್ಟಬೇಡ್ವೋ, ವಿಷ!' ಎಂದು ತಾಯಿ ಮಕ್ಕಳನ್ನು ದೂರ ಎಳೆಯುತ್ತಾಳೆ. ಅದೇ ತಾಯಿ ಹುಳುಕು ಹಲ್ಲು ತೋರಿಸಲು ಹೋದರೆ, 'ಬೆಳ್ಳಿ ತುಂಬಿಸ್ತೀವಮ್ಮ' ಎನ್ನುತ್ತಾರೆ. ಹೆಸರಿಗೆ ಬೆಳ್ಳಿ. ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಪಾದರಸ!

ಅಗ್ಗ, ಗಟ್ಟಿ, ಬಾಳಿಕೆಯೂ ಜಾಸ್ತಿ. ಅದಕ್ಕೇ 150ಕ್ಕೂ ಹೆಚ್ಚು ವರ್ಷ ಜನರ ದವಡೆಯಲ್ಲಿ ಅದು ಭದ್ರವಾಗಿ ಕೂತಿತ್ತು. ಆದರೆ ತುಂಬುವಾಗ, ಅಗಿಯುವಾಗ, ಕೊರೆದು ತೆಗೆಯುವಾಗ ಒಂದಿಷ್ಟು ಆವಿ ಏಳುತ್ತದೆ. ಅದು ಉಸಿರಿನೊಂದಿಗೆ ರಕ್ತ ಸೇರಿ, ಮಾಸು ದಾಟಿ, ಹೊಟ್ಟೆಯೊಳಗಿನ ಕೂಸಿಗೂ ಮುಟ್ಟುತ್ತದೆ.

ಹಾಗಂತ ಗಾಬರಿ ಬೇಡ. ಹಲ್ಲಿನ ಆ ಚೂರಿನಿಂದ ಮಗುವಿನ ಬುದ್ಧಿ ಮಂಕಾಗುತ್ತದೆಂದು ಸಾಬೀತಾಗಿಲ್ಲ. ಜಪಾನಿನ ಮಿನಾಮಾಟಾದಲ್ಲಿ 1956ರಲ್ಲಿ ಬಯಲಾದ ದುರಂತದ ಪಾದರಸವೇ ಬೇರೆ ಬಗೆಯದು. ಕಾರ್ಖಾನೆಯ ಕೊಳಕು ಸೇರಿದ ಮೀನಿನಿಂದ ಬಂದದ್ದು. ಆದರೆ ಅಲ್ಲಿ ಕಂಡ ಸತ್ಯ ಒಂದುಂಟು: ತಾಯಿ ತಡೆದುಕೊಂಡ ವಿಷವನ್ನು ಬೆಳೆಯುವ ಮಿದುಳು ತಡೆಯಲಿಲ್ಲ.

ಅದಕ್ಕೇ ಯುರೋಪ್ ಒಕ್ಕೂಟ 2018ರ ಜುಲೈನಲ್ಲಿ ಬಸುರಿ, ಬಾಣಂತಿ, 15 ವರ್ಷದೊಳಗಿನ ಮಕ್ಕಳಿಗೆ ತೀರಾ ಅಗತ್ಯವಿಲ್ಲದೆ ಇದನ್ನು ಹಾಕಕೂಡದೆಂದಿತು. 2022ರಲ್ಲಿ ಮಿನಾಮಾಟಾ ಒಪ್ಪಂದದ ದೇಶಗಳೂ ಇದೇ ದಾರಿ ಹಿಡಿದವು. ಭಾರತ 2018ರಲ್ಲೇ ಆ ಒಪ್ಪಂದಕ್ಕೆ ಸೇರಿದೆ. ಜಿನೀವಾದ ಕಾಗದ ಜಿಲ್ಲೆಯ ಹಲ್ಲಿನ ಕುರ್ಚಿಗೆ ಯಾವಾಗ ಬಂದು ಮುಟ್ಟುತ್ತದೆ?

ತಾಯಿ ಕಾರ್ಡು ಹಿಡಿದು ಬಂದವಳ ತೂಕ, ಬಿ.ಪಿ., ರಕ್ತ ಎಲ್ಲಾ ನೋಡುತ್ತಾರೆ. 'ಹಲ್ಲು ನೋವಿದೆಯೇನಮ್ಮ?' ಎಂದು ಕೇಳುವವರು ಎಷ್ಟು ಮಂದಿ? ಮನೆಯಲ್ಲಂತೂ, 'ಹೆರಿಗೆ ಆದ್ಮೇಲೆ ನೋಡಿದರಾಯ್ತು, ಲವಂಗ ಕಚ್ಕೊ' ಎಂಬ ಉಪಚಾರ. ಇದು ತಪ್ಪು. ಬಾಯಲ್ಲಿ ಕೀವು ತುಂಬಿಕೊಂಡು ತಿಂಗಳು ಎಣಿಸುವುದು ಇನ್ನೂ ಕೆಟ್ಟದ್ದು. ಹಾಗೆಯೇ ಗಟ್ಟಿಯಾಗಿರುವ ಹಳೆಯ ಫಿಲ್ಲಿಂಗನ್ನು ಹೆದರಿ ಕೀಳಿಸುವುದೂ ತಪ್ಪು. ಕೊರೆದರೆ ಆವಿ ಹೆಚ್ಚು. ಅಮೆರಿಕದ ಆಹಾರ, ಔಷಧ ಇಲಾಖೆ 2020ರಲ್ಲಿ ಹೇಳಿದ್ದೂ ಇದನ್ನೇ: ಬಸುರಿಗೆ ಹೊಸದು ಹಾಕಬೇಡಿ, ಚೆನ್ನಾಗಿರುವ ಹಳೆಯದನ್ನು ಸುಮ್ಮನೆ ಕೆದಕಬೇಡಿ.

ಹಲ್ಲಿನ ಬಣ್ಣದ ಫಿಲ್ಲಿಂಗಿದೆ, ಗ್ಲಾಸ್ ಅಯನೋಮರ್ ಸಿಮೆಂಟಿದೆ. ಎರಡರಲ್ಲೂ ಪಾದರಸವಿಲ್ಲ. ಕುರ್ಚಿಯಲ್ಲಿ ಕೂರುವ ಮೊದಲೇ 'ನಾನು ಬಸುರಿ' ಎಂದು ಹೇಳಲು ಹೆಣ್ಣುಮಕ್ಕಳು ನಾಚಬಾರದು. ಕೇಳಲು ಡಾಕ್ಟರರು ಮರೆಯಬಾರದು. ದೊಡ್ಡಾಸ್ಪತ್ರೆಯಲ್ಲಿ ಇವನ್ನು ಬಸುರಿಯರಿಗೆ ಪುಕ್ಕಟೆ ಹಾಕಲಿ. ಕಾಸಿದ್ದವಳ ಕೂಸಿಗೆ ಸಿಮೆಂಟು, ಇಲ್ಲದವಳ ಕೂಸಿಗೆ ಪಾದರಸ ಅಂದರೆ ಅದು ಯಾವ ಊರಿನ ನ್ಯಾಯ?