ಯಾವ ಖಾತೆ ನಮಗೆ ಹೊಂದೀತು?

ಜೂನ್ ತಿಂಗಳಲ್ಲಿ ಶಾಲೆ ತೆರೆದು ವಿದ್ಯಾರ್ಥಿವೇತನದ ಮಾತು ಹೊರಟಿತೆಂದರೆ, ಕನ್ನಡ ಮಾಧ್ಯಮದ ಶಿಕ್ಷಕರಾದ ನಮ್ಮ ಮುಂದೆ ಹೆತ್ತವರು ಇಡುವ ಮೊದಲ ಪ್ರಶ್ನೆ ಪಾಠದ್ದಲ್ಲ, ಬ್ಯಾಂಕಿನದು. “ಮಾಸ್ಟ್ರೇ, ಮಗುವಿಗೆ ಎಲ್ಲಿ ಖಾತೆ ಮಾಡಿಸುವುದು?” ಎಂದು ಕೇಳುತ್ತಾರೆ. ಉತ್ತರ ಅಷ್ಟು ಸುಲಭವಲ್ಲ. ಏಕೆಂದರೆ ಅದೇ ಮನೆಯಲ್ಲಿ ಆಗಲೇ ನಾಲ್ಕು ಖಾತೆಗಳಿರುತ್ತವೆ. ಅಡಿಕೆ ಮಾರಿದ ಹಣಕ್ಕೊಂದು, ಸಹಕಾರಿ ಸಂಘದ ಸಾಲಕ್ಕೊಂದು, 2014ರ ಬಳಿಕ ಜನಧನ ಯೋಜನೆಯಲ್ಲಿ ತೆರೆದುದೊಂದು, ಗಲ್ಫಿನಲ್ಲಿರುವ ಮಗ ಹೇಳಿ ಮಾಡಿಸಿದ್ದೊಂದು. ಅವುಗಳಲ್ಲಿ ಎರಡರ ಪಾಸುಬುಕ್ಕು ಎಲ್ಲಿದೆಯೆಂದು ಯಾರಿಗೂ ನೆನಪಿರುವುದಿಲ್ಲ.

ಹಾಗೆಂದು ನಮ್ಮ ಜನಕ್ಕೆ ಬ್ಯಾಂಕು ಹೊಸದೇನೂ ಅಲ್ಲ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿದ್ದ ಕಾಲದಲ್ಲಿ ಆ ಜಿಲ್ಲೆಯೇ ಬ್ಯಾಂಕುಗಳ ತವರಾಗಿತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. 1928ರಲ್ಲಿ ಆರಂಭವಾದ ಸಿಂಡಿಕೇಟಿನ ಪಿಗ್ಮಿ ಠೇವಣಿಯಂತೂ ಮನೆಬಾಗಿಲಿಗೆ ಬಂದು ಚಿಲ್ಲರೆ ಕಾಸನ್ನು ಒಟ್ಟುಗೂಡಿಸಿತು. ಇಂದು ಆ ಐದರಲ್ಲಿ ಮೂರರ ಹೆಸರೇ ಫಲಕದಿಂದ ಅಳಿದಿದೆ. ವಿಜಯಾ 2019ರಲ್ಲಿ ಬರೋಡಾ ಬ್ಯಾಂಕಿನೊಳಗೆ ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾದೊಳಗೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೂ ಲೀನವಾದವು. ಹಳೆಯ ಪರಿಚಯವೊಂದನ್ನೇ ನಂಬಿ ಖಾತೆ ಇಡುವ ಕಾಲ ಮುಗಿಯಿತು ಎನ್ನದೆ ವಿಧಿಯಿಲ್ಲ. ಈಗ ನಮ್ಮ ಅಗತ್ಯವನ್ನು ನಾವೇ ಅಳೆದು ನೋಡಬೇಕು.

ಅನೇಕರು ಮೊದಲು ವಿಚಾರಿಸುವುದು ಬಡ್ಡಿ. ನಿತ್ಯದ ಖಾತೆಯ ಮಟ್ಟಿಗೆ ಇದು ಅಷ್ಟೇನೂ ಮುಖ್ಯವಲ್ಲವೆಂದು ನಮ್ಮ ಅಭಿಪ್ರಾಯ. ಅಂಚೆ ಕಚೇರಿಯ ಉಳಿತಾಯ ಖಾತೆಗೆ ಶೇಕಡಾ 4 ಬಡ್ಡಿಯಿದೆ. ಸ್ಟೇಟ್ ಬ್ಯಾಂಕು 2025ರ ಜೂನಿನಲ್ಲಿ ಉಳಿತಾಯ ಖಾತೆಯ ಬಡ್ಡಿಯನ್ನು ಎರಡೂವರೆಗೆ ಇಳಿಸಿತು. ಹತ್ತು ಸಾವಿರ ರೂಪಾಯಿ ವರ್ಷವಿಡೀ ಅಲುಗಾಡದೆ ಉಳಿದರೂ ಇವೆರಡರ ಅಂತರ 150 ರೂಪಾಯಿ ಮಾತ್ರ. ದೂರದ ಪೇಟೆಗೆ ನಾಲ್ಕಾರು ಸಲ ಬಸ್ಸಿನಲ್ಲಿ ಹೋಗಿಬಂದರೆ ಅದು ತೀರಿತು, ಒಂದು ದಿನದ ಕೂಲಿ ತಪ್ಪಿದ್ದು ಬೇರೆ! ಬೀಡಿ ಕಟ್ಟುವ ತಾಯಿಗೆ ಬಡ್ಡಿಗಿಂತ ಮುಖ್ಯವಾದುದು ನಡೆದು ಹೋಗುವಷ್ಟು ಹತ್ತಿರದಲ್ಲಿ ಶಾಖೆ ಇದೆಯೇ, ಇಟ್ಟ ಹಣದಲ್ಲಿ ಏನೇನು ಕಡಿತವಾಗುತ್ತದೆ ಎಂಬುದು.

ಕಡಿತದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಖಾತೆಯಲ್ಲಿ ಇಂತಿಷ್ಟು ಕನಿಷ್ಠ ಶಿಲ್ಕು ಇರಬೇಕೆಂಬ ನಿಯಮ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಸ್ಟೇಟ್ ಬ್ಯಾಂಕು 2020ರಲ್ಲಿ, ಕೆನರಾ ಬ್ಯಾಂಕು 2025ರ ಜೂನಿನಲ್ಲಿ ಉಳಿತಾಯ ಖಾತೆಗಳಿಗೆ ಈ ದಂಡವನ್ನು ಕೈಬಿಟ್ಟವು. ಅದೇ 2025ರ ಆಗಸ್ಟಿನಲ್ಲಿ ಐಸಿಐಸಿಐ ಬ್ಯಾಂಕು ನಗರಗಳಲ್ಲಿ ಹೊಸದಾಗಿ ಖಾತೆ ತೆರೆಯುವವರಿಗೆ 50,000 ರೂಪಾಯಿಯ ಶಿಲ್ಕು ವಿಧಿಸಿ, ಕೂಗೆದ್ದ ಮೇಲೆ ಕೆಲವೇ ದಿನಗಳಲ್ಲಿ 15,000ಕ್ಕೆ ಇಳಿಸಿತು. ಅಂಚೆ ಖಾತೆಯಲ್ಲೂ 500 ರೂಪಾಯಿ ಉಳಿಸಿಕೊಳ್ಳಬೇಕು. ಜಾಹೀರಾತಿನಲ್ಲಿ ನಗುವ ಮುಖ ದೊಡ್ಡದಾಗಿರುತ್ತದೆ, ಶುಲ್ಕದ ಪಟ್ಟಿ ಸಣ್ಣ ಅಕ್ಷರದಲ್ಲಿರುತ್ತದೆ. ಆ ಪಟ್ಟಿಯನ್ನು ಕೇಳಿ ಪಡೆಯುವುದು ಗ್ರಾಹಕನ ಹಕ್ಕು.

ದಿನಗೂಲಿಯವರಿಗೂ, ಪಿಂಚಣಿಯಲ್ಲೇ ಬದುಕುವ ಹಿರಿಯರಿಗೂ ಹೆಚ್ಚು ಒಗ್ಗುವುದು ‘ಮೂಲ ಉಳಿತಾಯ ಖಾತೆ’. ರಿಸರ್ವ್ ಬ್ಯಾಂಕು 2012ರಲ್ಲಿ ರೂಪಿಸಿದ ಈ ಖಾತೆಯನ್ನು ಕೇಳಿದವರಿಗೆ ಬ್ಯಾಂಕುಗಳು ಕೊಡಬೇಕು. ಕನಿಷ್ಠ ಶಿಲ್ಕಿನ ಕಟ್ಟುಪಾಡಿಲ್ಲ, ಎಟಿಎಂ ಕಾರ್ಡಿಗೆ ವಾರ್ಷಿಕ ಶುಲ್ಕವಿಲ್ಲ, ತಿಂಗಳಿಗೆ ನಾಲ್ಕು ಬಾರಿಯಾದರೂ ಖರ್ಚಿಲ್ಲದೆ ಹಣ ತೆಗೆಯಬಹುದು. ಒಂದು ನಿಬಂಧನೆ ಉಂಟು: ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇರಕೂಡದು. ಕೌಂಟರಿನಲ್ಲಿ ತಾವಾಗಿ ಇದರ ಹೆಸರೆತ್ತುವವರು ಕಡಿಮೆ. ನಾವೇ ಹೆಸರು ಹೇಳಿ ಕೇಳಬೇಕು. ತಿಂಗಳಲ್ಲಿ ಹತ್ತು ಹದಿನೈದು ಸಲ ಹಣ ಹಾಕಿ ತೆಗೆಯುವ ಅಂಗಡಿಯವರಿಗೆ ಮಾತ್ರ ಇದು ಸಾಲದು, ಅವರು ಸಾಮಾನ್ಯ ಖಾತೆಯನ್ನೇ ಹಿಡಿಯಲಿ.

ಮಕ್ಕಳ ಖಾತೆಯ ಪ್ರಶ್ನೆಗೆ ಬರೋಣ. ಹತ್ತು ವರ್ಷ ತುಂಬಿದ ಮಗು ತನ್ನ ಹೆಸರಿನಲ್ಲಿ ತಾನೇ ವ್ಯವಹರಿಸುವ ಖಾತೆಗೆ ಇಂದು ಅವಕಾಶವಿದೆ. ಆದರೆ ವಿದ್ಯಾರ್ಥಿವೇತನ ಬಾರದೆ ಹೋಗುವುದು ಹೆಚ್ಚಾಗಿ ಬೇರೆ ಎರಡು ಕಾರಣಗಳಿಂದ. ಆಧಾರ್ ಮೂಲಕ ಬರುವ ಸರಕಾರಿ ಹಣ ಕೊನೆಯದಾಗಿ ಆಧಾರಿಗೆ ಜೋಡಿಸಿದ ಖಾತೆಗೇ ಹೋಗುತ್ತದೆ. ಹೊಸ ಖಾತೆ ತೆರೆದಾಗಲೆಲ್ಲ ಜೋಡಿಸಿಬಿಟ್ಟರೆ ಹಣ ಒಂದೆಡೆ, ಹುಡುಕಾಟ ಇನ್ನೊಂದೆಡೆ. ಕೃಷಿಕರ ಪಿಎಂ ಕಿಸಾನ್ ಕಂತಿಗೂ ಇದೇ ಮಾತು ಅನ್ವಯ. ಎರಡನೆಯ ಕಾರಣ ಹೆಸರು. ಶಾಲೆಯ ದಾಖಲೆಯಲ್ಲಿ ನಾರಾಯಣ, ರೇಶನ್ ಕಾರ್ಡಿನಲ್ಲಿ ನಾರಾಯಣನ್. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಊರು ಒಂದು ಕಡೆ ಮಂಜೇಶ್ವರ, ಮತ್ತೊಂದು ಕಡೆ ಮಂಜೇಶ್ವರಂ. ಕನ್ನಡದಿಂದ ಮಲಯಾಳಕ್ಕೂ ಅಲ್ಲಿಂದ ಇಂಗ್ಲಿಷಿಗೂ ದಾಟುವಾಗ ನಮ್ಮ ಹೆಸರುಗಳು ಸವೆಯುವುದು ಗಡಿನಾಡಿನವರಿಗೆ ಹೊಸತಲ್ಲ. ಮನುಷ್ಯರಾದರೆ ಗುರುತು ಹಿಡಿದಾರು, ಗಣಕಯಂತ್ರ ಹಿಡಿಯದು. ಖಾತೆ ತೆರೆಯುವ ದಿನವೇ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಆಧಾರಿನೊಡನೆ ಹೋಲಿಸಿ ನೋಡುವ ಅರ್ಧ ಗಂಟೆಯ ಶ್ರಮವನ್ನು ಹೆತ್ತವರು ಉಳಿಸಬಾರದು.

ಸಹಕಾರಿ ಸಂಘಗಳ ಬಗ್ಗೆ ಬರೆಯುವಾಗ ನಮಗೆ ಸ್ವಲ್ಪ ಸಂಕೋಚವಾಗುತ್ತದೆ. ಬೆಳೆ ಸಾಲ ಕೊಡುವುದು ಅವು, ನಡೆಯಲಾಗದ ಅಜ್ಜ ಅಜ್ಜಿಯರ ಮನೆಗೆ ಕ್ಷೇಮ ಪಿಂಚಣಿ ಮುಟ್ಟಿಸುವುದು ಅವು. ಕನ್ನಡದಲ್ಲಿ ಮಾತನಾಡಿಸುವವರು ಸಿಗುವುದೂ ಹೆಚ್ಚಾಗಿ ಅಲ್ಲೇ. ಇಷ್ಟಿದ್ದರೂ ಒಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ಬ್ಯಾಂಕುಗಳಲ್ಲಿ ಒಬ್ಬರ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ಇರುವ ಕೇಂದ್ರದ ಠೇವಣಿ ವಿಮೆ ಪ್ರಾಥಮಿಕ ಕೃಷಿ ಸಹಕಾರಿ ಸಂಘಗಳಿಗೆ ಇಲ್ಲ. ಫಲಕದಲ್ಲಿ ‘ಬ್ಯಾಂಕು’ ಎಂದು ಬರೆದಿದ್ದರೂ ಇಲ್ಲ. ರಿಸರ್ವ್ ಬ್ಯಾಂಕು 2021ರ ನವೆಂಬರಿನಲ್ಲಿ ಸಾರ್ವಜನಿಕರಿಗೆ ಇದನ್ನೇ ಎಚ್ಚರಿಸಿತು. ರಾಜ್ಯದ ಠೇವಣಿ ಖಾತರಿ ನಿಧಿ ಎಂಬುದು ಉಂಟು, ಆದರೆ ಅದು ಬೇರೆ ವ್ಯವಸ್ಥೆ. ಅದೇ ವರ್ಷ ತೃಶ್ಶೂರು ಜಿಲ್ಲೆಯ ಕರುವನ್ನೂರು ಸೇವಾ ಸಹಕಾರಿ ಬ್ಯಾಂಕಿನ ಅವ್ಯವಹಾರ ಹೊರಬಿದ್ದಾಗ ಠೇವಣಿದಾರರು ತಮ್ಮದೇ ಹಣಕ್ಕಾಗಿ ಅಲೆದದ್ದನ್ನು ಇಡೀ ಕೇರಳ ಕಂಡಿದೆ. ನಮ್ಮ ಊರ ಸಂಘಗಳೆಲ್ಲ ಹಾಗೆ ಎಂದು ಖಂಡಿತ ಹೇಳುತ್ತಿಲ್ಲ. ಸಂಘದಲ್ಲಿ ವ್ಯವಹಾರವಿರಲಿ, ಮಗಳ ಮದುವೆಗೆಂದು ಕೂಡಿಟ್ಟುದೆಲ್ಲ ಅಲ್ಲೊಂದರಲ್ಲೇ ಬೇಡ ಎಂದಷ್ಟೇ ನಮ್ಮ ಮಾತು.

ಗಲ್ಫಿಗೆ ಹೋದ ಮಗನ ಹಳೆಯ ಖಾತೆಯನ್ನು ಹಾಗೆಯೇ ನಡೆಸುವಂತಿಲ್ಲ, ಅದನ್ನು ಅನಿವಾಸಿ ಖಾತೆಯಾಗಿ ಬದಲಿಸಬೇಕೆಂದು ಕಾನೂನು. ಮನೆಯ ಖರ್ಚಿನ ಹಣ ತಾಯಿಯ ಅಥವಾ ಹೆಂಡತಿಯ ಸ್ವಂತ ಖಾತೆಗೇ ಬರುವುದು ಲೇಸು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಬೇಡದ್ದನ್ನು ಮುಚ್ಚಿ, ಇರುವುದಕ್ಕೆ ನಾಮನಿರ್ದೇಶನ ಮಾಡಿಸಿ.

ಇನ್ನು, ನಮ್ಮ ಮನಸ್ಸನ್ನು ಹೆಚ್ಚು ಕೊರೆಯುವ ವಿಷಯ. ಕನ್ನಡದಲ್ಲಿ ದುಂಡಗೆ ಸಹಿ ಹಾಕಬಲ್ಲ, ದಿನಾ ಪತ್ರಿಕೆ ಓದುವ ಹಿರಿಯರು ಬ್ಯಾಂಕಿನಲ್ಲಿ ಹೆಬ್ಬೆಟ್ಟೊತ್ತಿ ಬರುವುದನ್ನು ನಾವು ಕಂಡಿದ್ದೇವೆ. ಅರ್ಜಿ ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಅವರಿಗೆ ಮೂರೂ ತಿಳಿಯದು. ಅಷ್ಟಕ್ಕೇ ಓದು ಬಲ್ಲವರು ನಿರಕ್ಷರಿಗಳಾಗಿಬಿಡುತ್ತಾರೆ. ಹಣದ ವ್ಯವಹಾರದಲ್ಲಿ ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ. ಓದಲಾಗದ ಕಾಗದಕ್ಕೆ ಒಪ್ಪಿಗೆ ಕೊಟ್ಟವರಿಗೆ ತಾವು ಕೇಳದ ವಿಮೆಯ ಕಂತು ಯಾಕೆ ಕಡಿತವಾಯಿತೆಂದು ತಿಳಿಯುವುದು ಪಾಸುಬುಕ್ಕು ಅಚ್ಚಾದ ಮೇಲೆಯೇ. ಸಹಿ ಯಾವ ಲಿಪಿಯಲ್ಲಿದ್ದರೂ ಸಹಿಯೇ. ಕನ್ನಡದಲ್ಲಿ ಹಾಕುತ್ತೇನೆಂದು ಧೈರ್ಯವಾಗಿ ಹೇಳಿ.

ಅರ್ಜಿ, ಚಲನ್, ಪಾಸುಬುಕ್ಕುಗಳು ಇಂಗ್ಲಿಷ್, ಹಿಂದಿಗಳೊಡನೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಪ್ರದೇಶವೆಂದರೆ ರಾಜ್ಯವೊಂದೇ ಎಂದು ಬ್ಯಾಂಕುಗಳು ಅರ್ಥ ಮಾಡಿಕೊಂಡಂತಿದೆ. 1956ರಲ್ಲಿ ಗಡಿಗೆರೆ ಬಿದ್ದಿತು, ಜನ ಇದ್ದಲ್ಲೇ ಇದ್ದಾರೆ. 1969ರ ಕೇರಳ ರಾಜಭಾಷಾ ಕಾಯಿದೆ ಸಹ ಇಲ್ಲಿಯ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವುದನ್ನು ಒಪ್ಪಿತ್ತು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಶಾಖೆಗಳಲ್ಲಿ ಕನ್ನಡದ ಅರ್ಜಿಯೂ, ಕನ್ನಡದಲ್ಲೇ ಶುಲ್ಕದ ಪಟ್ಟಿಯೂ, ಕನ್ನಡ ಬಲ್ಲ ಒಬ್ಬ ನೌಕರರೂ ಇರಲೇಬೇಕೆಂದು ಸಂಬಂಧಪಟ್ಟವರನ್ನು ಒತ್ತಾಯಿಸುತ್ತೇವೆ. ಮಂಗಳೂರಿನ ಶಾಖೆಗಳಿಗೆ ಬರುವ ಕನ್ನಡದ ಅರ್ಜಿಗಳನ್ನು ತಲಪಾಡಿ ದಾಟಿಸಲು ಬ್ಯಾಂಕುಗಳಿಗೆ ಎಷ್ಟು ಖರ್ಚು ಬಿದ್ದೀತು?

ಅಲ್ಲಿಯವರೆಗೆ, ತಪ್ಪು ಕಡಿತವಾದರೆ ಮೊದಲು ಶಾಖೆಗೆ ಕನ್ನಡದಲ್ಲೇ ಬರೆದುಕೊಟ್ಟು ನಕಲಿಗೆ ಮೊಹರು ಹಾಕಿಸಿಕೊಳ್ಳಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಬಹುದು. ಚಂಡೀಗಢದಲ್ಲಿರುವ ಅದರ ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳುಹಿಸುವ ದೂರು ಯಾವ ಭಾಷೆಯಲ್ಲಿದ್ದರೂ ಆದೀತೆಂದು 2021ರಲ್ಲಿ ಆ ಯೋಜನೆ ಬಂದಾಗಲೇ ಪ್ರಕಟಿಸಿದ್ದಾರೆ. ಬರೆಯಲು ಕಷ್ಟವಾದವರು ಹತ್ತಿರದ ಕನ್ನಡ ಶಾಲೆಗೆ ಬನ್ನಿ. ಶಿಕ್ಷಕರಾದ ನಾವು ಬರೆದುಕೊಡುತ್ತೇವೆ.